ಒಂದು ಕಮಾಂಡ್ ತಪ್ಪಿ ಲಿನಕ್ಸ್ ಕೈಕೊಟ್ಟರೆ: ಹಂತ ಹಂತವಾಗಿ ಎಬ್ಬಿಸುವುದು ಹೇಗೆ?

"ಸರ್, ಒಂದೇ ಒಂದು ಕಮಾಂಡ್ ಹೊಡೆದೆ, ಈಗ ಸಿಸ್ಟಂ ಏಳ್ತಾನೇ ಇಲ್ಲ." ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಇದೇ. ಒಬ್ಬರು ಹಳೇ ಫೋಲ್ಡರ್ ಅಳಿಸಲು ಹೋಗಿ ಅರ್ಧ ಸಿಸ್ಟಂ ಅಳಿಸಿರುತ್ತಾರೆ. ಇನ್ನೊಬ್ಬರು ಡಾಕರ್ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಲು ಹೋಗಿ ಸುಡೊ ಕಳೆದುಕೊಂಡಿರುತ್ತಾರೆ. ಹೊಸ ಹಾರ್ಡ್ ಡಿಸ್ಕ್ ಸೇರಿಸಿ, ರೀಸ್ಟಾರ್ಟ್ ಮಾಡಿ, ಕಪ್ಪು ಪರದೆ ನೋಡುತ್ತಾ ಕೂತವರಂತೂ ಬಹಳ ಮಂದಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಇಡುತ್ತಿದ್ದೇನೆ. ಹೇಳುವುದೆಲ್ಲ ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಬಳಸುವವರಿಗೆ. ಬೇರೆ ಲಿನಕ್ಸ್‌ಗಳಲ್ಲಿ ಮೆನುಗಳ ಹೆಸರು, ಕೆಲವು ಕಮಾಂಡ್‌ಗಳು ಬದಲಾಗಬಹುದು, ದಾರಿ ಹೆಚ್ಚುಕಡಿಮೆ ಅದೇ.

ಓದುವ ಮೊದಲು ಒಂದು ವಿಷಯ. ಮೊದಲನೇ ಕಮಾಂಡ್ ಸಿಸ್ಟಂ ಕೆಡಿಸುತ್ತದೆ, ನಿಜ. ಆದರೆ ಉಳಿಸಿಕೊಳ್ಳಬಹುದಾಗಿದ್ದ ಡೇಟಾ ಹೋಗುವುದು ಸಾಮಾನ್ಯವಾಗಿ ಗಾಬರಿಯಲ್ಲಿ ಹೊಡೆದ ಎರಡನೇ, ಮೂರನೇ ಕಮಾಂಡ್‌ನಿಂದ. ಆದ್ದರಿಂದ ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ.

ಕಮಾಂಡ್‌ಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಓದಿಕೊಂಡು ನೀವೇ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು; ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಕೆಟ್ಟಿರುವ ಯಂತ್ರದಲ್ಲಿ ಹೇಗಿದ್ದರೂ ಕಾಪಿ-ಪೇಸ್ಟ್ ನಡೆಯುವುದಿಲ್ಲ, ಫೋನ್ ನೋಡಿಕೊಂಡೇ ಕುಟ್ಟಬೇಕು. ಅಲ್ಲದೆ ಈ ಅವಾಂತರಗಳಲ್ಲಿ ಬಹುಪಾಲು ಹುಟ್ಟುವುದೇ ಅರ್ಥವಾಗದ ಸಾಲನ್ನು ಎಲ್ಲಿಂದಲೋ ತಂದು ಅಂಟಿಸಿದ್ದರಿಂದ.

ಮೂರು ಪದ ಗೊತ್ತಿದ್ದರೆ ಸಾಕು. ರೂಟ್ ಎಂದರೆ ಯಂತ್ರದ ಯಜಮಾನ ಖಾತೆ. ಅದಕ್ಕೆ ಯಾರೂ "ಬೇಡ" ಎನ್ನುವುದಿಲ್ಲ. ಸುಡೊ ಎಂದರೆ ಒಂದು ಕಮಾಂಡ್‌ನ ಮಟ್ಟಿಗೆ ಆ ಯಜಮಾನಿಕೆಯನ್ನು ಎರವಲು ಪಡೆಯುವುದು. ಮೌಂಟ್ ಎಂದರೆ ಡಿಸ್ಕ್‌ನ ಒಂದು ಭಾಗವನ್ನು, ಅಂದರೆ ಪಾರ್ಟಿಷನ್ನನ್ನು, ಯಾವುದೋ ಒಂದು ಫೋಲ್ಡರ್‌ಗೆ ಜೋಡಿಸಿ ಬಳಕೆಗೆ ತರುವುದು. ಒಂಟಿ ಸ್ಲಾಶ್ ಗುರುತು "/" ಇಡೀ ಸಿಸ್ಟಂನ ಬುಡ. ಎಲ್ಲ ಫೋಲ್ಡರ್‌ಗಳೂ ಅದರಡಿಯಲ್ಲೇ ಇರುತ್ತವೆ, ಮೌಂಟ್ ಆಗಿರುವ ನಿಮ್ಮ ಪೆನ್‌ಡ್ರೈವ್ ಕೂಡ.

ಬೇಕಾಗುವ ಸಾಮಾನು

ಕನಿಷ್ಠ 8 ಜಿಬಿಯ ಒಂದು ಪೆನ್‌ಡ್ರೈವ್. ಅದರಲ್ಲಿ ಲೈವ್ ಯುಎಸ್‌ಬಿ ಮಾಡಬೇಕು, ಅಂದರೆ ಹಾರ್ಡ್ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್. ಅದನ್ನು ಮಾಡಿಕೊಳ್ಳಲು ಸ್ನೇಹಿತರದ್ದೋ ಆಫೀಸಿನದ್ದೋ ಕಂಪ್ಯೂಟರ್ ಬೇಕು. ವಿಂಡೋಸ್‌ನಲ್ಲಿ ರೂಫಸ್ ಅಥವಾ ವೆಂಟಾಯ್ ಸಾಕು. ಡೇಟಾ ಎತ್ತಿಡಲು ಹೊರಗಿನ ಹಾರ್ಡ್ ಡಿಸ್ಕ್ ಒಂದು. ಕಾಗದ, ಪೆನ್ನು. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ಕೀ ಯಾವುದೆಂದೂ ತಿಳಿದಿರಲಿ: ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್9.

ಹಂತ 1: ಕೈ ತೆಗೆಯಿರಿ

ಕಮಾಂಡ್ ಇನ್ನೂ ಓಡುತ್ತಿದ್ದರೆ ಕಂಟ್ರೋಲ್-ಸಿ ಒತ್ತಿ. ನಂತರ ಕೀಬೋರ್ಡ್‌ನಿಂದ ಕೈ ತೆಗೆದು, ಹೊಡೆದ ಸಾಲನ್ನು ಸ್ಪೇಸ್, ಚುಕ್ಕೆ, ಸ್ಲಾಶ್ ಸಮೇತ ಕಾಗದಕ್ಕೆ ಇಳಿಸಿ. ಫೋನ್‌ನಲ್ಲಿ ಪರದೆಯ ಫೋಟೊ ತೆಗೆದರೂ ಆಯಿತು. ನಾಳೆ ಯಾರನ್ನಾದರೂ ಕೇಳಲು ಹೋದಾಗ "ಏನೋ ಆರ್‌ಎಂ ಅಂತ ಹೊಡೆದೆ" ಎಂದರೆ ಯಾರೂ ಸಹಾಯ ಮಾಡಲಾರರು. (ಆರ್‌ಎಂ ಎಂದರೆ ಫೈಲ್ ಅಳಿಸುವ ಕಮಾಂಡ್.)

ಯಂತ್ರ ಆಫ್ ಮಾಡಬೇಕೇ, ಬೇಡವೇ? ಇದಕ್ಕೆ ಎರಡು ಉತ್ತರ ಇವೆ, ಅದಲುಬದಲು ಮಾಡಿಕೊಳ್ಳಬೇಡಿ.

ಹೋಗಿರುವುದು ನಿಮ್ಮ ಫೈಲ್‌ಗಳಾದರೆ, ಅವುಗಳ ನಕಲು ಬೇರೆಲ್ಲೂ ಇಲ್ಲದಿದ್ದರೆ, ಪವರ್ ಬಟನ್ ಒತ್ತಿ ಹಿಡಿದು ತಕ್ಷಣ ಆಫ್ ಮಾಡಿ. ಅಳಿಸಿದ ಫೈಲ್ ಕೂಡಲೇ ಮಾಯವಾಗುವುದಿಲ್ಲ. ಆ ಜಾಗ "ಖಾಲಿ" ಎಂದು ಗುರುತಾಗುತ್ತದೆ ಅಷ್ಟೇ. ಮೇಲೆ ಬೇರೇನಾದರೂ ಬರೆಯುವವರೆಗೆ ಹಳೆಯದು ಅಲ್ಲೇ ಇರುತ್ತದೆ. ಎಸ್‌ಎಸ್‌ಡಿ ಆದರೆ ಇನ್ನೂ ಅವಸರ. ಖಾಲಿ ಜಾಗವನ್ನು ಡ್ರೈವ್‌ಗೆ ತಿಳಿಸಿ ನಿಜವಾಗಿಯೂ ಒರೆಸಿಹಾಕುವ ಟ್ರಿಮ್ ಎಂಬ ಕೆಲಸ ಉಬುಂಟುವಿನಲ್ಲಿ ವಾರಕ್ಕೊಮ್ಮೆ ತಾನಾಗಿ ನಡೆಯುತ್ತದೆ. ನಿಗದಿಯಾಗಿರುವುದು ಭಾನುವಾರ ಕಳೆದು ಸೋಮವಾರ ಹುಟ್ಟುವ ಮಧ್ಯರಾತ್ರಿಗೆ. ಆಗ ಯಂತ್ರ ಆಫ್ ಇದ್ದರೆ, ಮುಂದೆ ಆನ್ ಆದಾಗ ಬಾಕಿ ಕೆಲಸ ಮುಗಿಸುತ್ತದೆ. ಹಾಗಾಗಿ ಒಮ್ಮೆ ಆಫ್ ಮಾಡಿದ ಮೇಲೆ "ಒಂದ್ಸಲ ನೋಡೋಣ" ಎಂದು ಅದೇ ಡಿಸ್ಕ್‌ನಿಂದ ಬೂಟ್ ಮಾಡಬೇಡಿ. ನೇರ ಹಂತ 4ಕ್ಕೆ ಹೋಗಿ.

ಹೋಗಿರುವುದು ಫೈಲ್ ಅಲ್ಲದೆ ಅಧಿಕಾರವಾದರೆ, ಅಂದರೆ ಪರ್ಮಿಷನ್ ಕೆಟ್ಟಿದ್ದರೆ, ಸುಡೊ ಹೋಗಿದ್ದರೆ, ಯಾವುದೋ ಪ್ಯಾಕೇಜ್ ಕಿತ್ತುಹೋಗಿದ್ದರೆ, ಆಫ್ ಮಾಡಬೇಡಿ, ಲಾಗ್‌ಔಟ್ ಆಗಬೇಡಿ, ತೆರೆದಿರುವ ಟರ್ಮಿನಲ್, ಅಂದರೆ ಕಮಾಂಡ್ ಹೊಡೆಯುವ ಕಿಟಕಿ, ಮುಚ್ಚಬೇಡಿ. ಒಳಗೆ ಇದ್ದೀರಿ, ಬಾಗಿಲು ಎಳೆದುಕೊಂಡರೆ ಬೀಗ ಬೀಳುತ್ತದೆ. ರೂಟ್ ಆಗಿ ತೆರೆದ ಟರ್ಮಿನಲ್ ಇದ್ದರೆ ಅದು ಬಂಗಾರ. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡೇ ಅಳಿಸಿಹೋಗಿದ್ದರೂ "ಎಕೋ *" ಎಂದು ಹೊಡೆದರೆ ಫೋಲ್ಡರ್‌ನಲ್ಲಿ ಏನಿದೆ ಎಂದು ಕಾಣುತ್ತದೆ. ಎಕೋ, ಸಿಡಿ ಇವೆಲ್ಲ ಶೆಲ್‌ನ, ಅಂದರೆ ಹೊಡೆದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಮಿನ, ಒಡಲಲ್ಲೇ ಇರುವಂಥವು, ಅವಕ್ಕೆ ಡಿಸ್ಕ್‌ನಲ್ಲಿ ಬೇರೆ ಫೈಲ್ ಬೇಕಿಲ್ಲ.

ಹಂತ 2: ಬರೀ ಹ್ಯಾಂಗ್ ಆಗಿದೆಯೇ ನೋಡಿ

ಮೌಸ್ ಅಲ್ಲಾಡುತ್ತಿಲ್ಲ, ಫ್ಯಾನ್ ಜೋರಾಗಿ ಓಡುತ್ತಿದೆ ಎಂದರೆ ಏನೂ ಹಾಳಾಗಿರಲಿಕ್ಕಿಲ್ಲ. ತನ್ನನ್ನು ತಾನೇ ಎರಡೆರಡಾಗಿ ಹುಟ್ಟಿಸಿಕೊಳ್ಳುತ್ತಾ ಹೋಗುವ ಪ್ರೋಗ್ರಾಮಿಗೆ ಫೋರ್ಕ್ ಬಾಂಬ್ ಎನ್ನುತ್ತಾರೆ. ಅಕ್ಷರಗಳೇ ಇಲ್ಲದೆ ಬರೀ ಚಿಹ್ನೆಗಳಲ್ಲಿ ಬರೆಯಬಹುದಾದ ಒಂದು ಚಿಕ್ಕ ಸಾಲು. ಕಾಲೇಜು ಲ್ಯಾಬ್‌ಗಳಲ್ಲಿ "ಇದನ್ನು ಹೊಡೆದು ನೋಡು" ಎಂದು ಸೀನಿಯರ್‌ಗಳು ಜೂನಿಯರ್‌ಗಳಿಂದ ಹೊಡೆಸುವುದುಂಟು. ರೀಸ್ಟಾರ್ಟ್ ಆದರೆ ಅದು ಮುಗಿಯಿತು.

ಮೊದಲು ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಬರೀ ಅಕ್ಷರಗಳ ಪರದೆ ಬರುತ್ತದೆಯೇ ನೋಡಿ. ಬಂದರೆ ಲಾಗಿನ್ ಆಗಿ ತೊಂದರೆ ಕೊಡುವ ಪ್ರೋಗ್ರಾಮನ್ನು ಕೊಲ್ಲಬಹುದು. ಬಾರದಿದ್ದರೆ ಪವರ್ ಬಟನ್‌ಗೆ ಹೋಗುವ ಮುನ್ನ ಇನ್ನೊಂದು ದಾರಿ ಇದೆ: ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಎರಡನ್ನೂ ಹಿಡಿದುಕೊಂಡು, ಎರಡೆರಡು ಸೆಕೆಂಡ್ ಬಿಟ್ಟು ಎಸ್, ಯು, ಬಿ ಒತ್ತಿ. ಎಸ್ ಒತ್ತಿದರೆ ಬಾಕಿ ಡೇಟಾ ಡಿಸ್ಕ್‌ಗೆ ಇಳಿಯುತ್ತದೆ, ಯು ಒತ್ತಿದರೆ ಡಿಸ್ಕ್ ಓದಲು ಮಾತ್ರ ಎಂಬ ಸ್ಥಿತಿಗೆ ಹೋಗುತ್ತದೆ, ಬಿ ಒತ್ತಿದರೆ ರೀಬೂಟ್. ಹಳೆಯ ಲೇಖನಗಳಲ್ಲಿ ಆರು ಅಕ್ಷರದ ಮಂತ್ರವೊಂದನ್ನು ನೀವು ಓದಿರಬಹುದು. ಉಬುಂಟುವಿನಲ್ಲಿ ಈ ಸೌಲಭ್ಯದ ಡೀಫಾಲ್ಟ್ ಸೆಟ್ಟಿಂಗ್ ಸಂಖ್ಯೆ 176, ಅಂದರೆ 16, 32, 128 ಕೂಡಿದ್ದು. ಆ ಮೂರು ಸಂಖ್ಯೆಗಳು ಈ ಮೂರು ಕೆಲಸಗಳವು. ಉಳಿದ ಅಕ್ಷರಗಳಿಗೆ ಅನುಮತಿ ಇಲ್ಲ, ಒತ್ತಿದರೂ ನಷ್ಟವಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀ ಕೂಡ ಹಿಡಿಯಬೇಕಾಗುತ್ತದೆ.

ಹಂತ 3: ರಿಕವರಿ ಮೋಡ್‌ನಿಂದ ರಿಪೇರಿ

ಅಧಿಕಾರ ಕೆಟ್ಟ ಕೇಸುಗಳಲ್ಲಿ ಹೆಚ್ಚಿನವು ಇಲ್ಲೇ ಸರಿಯಾಗುತ್ತವೆ. ತೆರೆದಿರುವ ಟರ್ಮಿನಲ್‌ನಿಂದಲೇ ಸರಿಯಾಗದಿದ್ದರೆ ಈಗ ರೀಸ್ಟಾರ್ಟ್ ಮಾಡಿ, ಯಂತ್ರ ಆನ್ ಆಗುವಾಗ ಎಸ್ಕೇಪ್ ಒತ್ತಿ. ಹಳೇ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಿ. ಗ್ರಬ್ ಮೆನು, ಅಂದರೆ ಯಾವ ಸಿಸ್ಟಂ ಬೂಟ್ ಆಗಬೇಕೆಂದು ಆರಿಸುವ ಪಟ್ಟಿ, ಕಾಣುತ್ತದೆ. ಎಸ್ಕೇಪ್ ಒಂದಕ್ಕಿಂತ ಹೆಚ್ಚು ಸಲ ಒತ್ತಿದರೆ ಮೆನು ದಾಟಿ "ಗ್ರಬ್>" ಎಂಬ ಒಂಟಿ ಸಾಲಿಗೆ ಬೀಳುತ್ತೀರಿ. ಹೆದರಬೇಡಿ, ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿ ಮತ್ತೆ ಶುರು ಮಾಡಿ.

ಮೆನುವಿನಲ್ಲಿ "ಅಡ್ವಾನ್ಸ್‌ಡ್ ಆಪ್ಶನ್ಸ್" ಆರಿಸಿ, ಅದರೊಳಗೆ ಕೊನೆಯಲ್ಲಿ "ರಿಕವರಿ ಮೋಡ್" ಎಂದಿರುವ ಸಾಲು, ನಂತರ ಬರುವ ಪಟ್ಟಿಯಲ್ಲಿ "ರೂಟ್". ಈಗ ನೀವು ಯಜಮಾನರು, ಸುಡೊ ಬೇಕಿಲ್ಲ. ಆದರೆ ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ. ಇದನ್ನು ಮರೆತು "ಎಷ್ಟು ಸರಿ ಮಾಡಿದರೂ ಸೇವ್ ಆಗ್ತಿಲ್ಲ" ಎನ್ನುವವರು ತುಂಬಾ ಜನ. ಮೊದಲು ಹೊಡೆಯಬೇಕಾದದ್ದು:

ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯೂ /

ಡೆಬಿಯನ್‌ನಲ್ಲಿ ರೂಟ್ ಪಾಸ್‌ವರ್ಡ್ ಕೇಳಿ, ನಿಮ್ಮಲ್ಲಿ ಅದು ಇಲ್ಲದಿದ್ದರೆ, ಗ್ರಬ್ ಮೆನುವಿನಲ್ಲಿ ಇ ಅಕ್ಷರ ಒತ್ತಿ. "ಲಿನಕ್ಸ್" ಎಂದು ಆರಂಭವಾಗುವ ಸಾಲಿನ ತುದಿಗೆ ಹೋಗಿ, ಒಂದು ಸ್ಪೇಸ್ ಬಿಟ್ಟು "ಇನಿಟ್=/ಬಿನ್/ಬ್ಯಾಶ್" ಸೇರಿಸಿ, ಎಫ್10 ಒತ್ತಿ. ಅಲ್ಲೂ ಮೇಲಿನ ಮೌಂಟ್ ಸಾಲು ಮೊದಲು. ಈ ಬದಲಾವಣೆ ಆ ಒಂದು ಬೂಟ್‌ಗಷ್ಟೇ.

ಇನ್ನೊಂದು ಸಣ್ಣ ಕಿರಿಕಿರಿ: ಈ ಕಪ್ಪು ಕನ್ಸೋಲ್‌ಗೆ ಕನ್ನಡ ಬಾರದು. "ಮದುವೆ ಫೋಟೊ" ಎಂಬ ನಿಮ್ಮ ಫೋಲ್ಡರ್ ಬರೀ ಚೌಕಗಳಾಗಿ ಕಾಣುತ್ತದೆ. ಫೈಲ್‌ಗೆ ಏನೂ ಆಗಿಲ್ಲ, ತೋರಿಸುವ ಅಕ್ಷರ ಅಲ್ಲಿಲ್ಲ ಅಷ್ಟೇ. "ಹೆಸರು ಕೆಟ್ಟಿದೆ" ಎಂದುಕೊಂಡು ಅಂಥ ಫೋಲ್ಡರ್‌ಗಳನ್ನು ಅಳಿಸಬೇಡಿ, ಹೆಸರು ಬದಲಿಸಲೂ ಹೋಗಬೇಡಿ.

ಈಗ ಒಂದೊಂದೇ ಕೇಸ್ ನೋಡೋಣ.

ಸುಡೊ ಗುಂಪಿನಿಂದ ಹೊರಬಿದ್ದವರು. ಯೂಸರ್‌ಮಾಡ್ ಕಮಾಂಡ್‌ನಲ್ಲಿ ದೊಡ್ಡಕ್ಷರದ ಜಿ ಎಂದರೆ "ಗುಂಪುಗಳು ಇವು". ಅದರ ಮುಂದೆ ಸಣ್ಣ ಎ ಇದ್ದರೆ ಮಾತ್ರ "ಇದನ್ನೂ ಸೇರಿಸು". ಎ ಬಿಟ್ಟು ಬರೀ "-ಜಿ ಡಾಕರ್" ಎಂದಿರೋ, ಡಾಕರ್ ಒಂದೇ ಉಳಿದು ಸುಡೊ ಸೇರಿ ಮಿಕ್ಕ ಹೆಚ್ಚುವರಿ ಗುಂಪುಗಳೆಲ್ಲ ಹೋದವು. ಲಾಗ್‌ಔಟ್ ಆಗಿಲ್ಲದಿದ್ದರೆ ಹಳೇ ಟರ್ಮಿನಲ್‌ನಲ್ಲಿ ಸುಡೊ ಇನ್ನೂ ನಡೆಯಬಹುದು, ಅಲ್ಲೇ ಮೊದಲು ಪ್ರಯತ್ನಿಸಿ. ಆಗದಿದ್ದರೆ ರಿಕವರಿಯಲ್ಲಿ "ಯೂಸರ್‌ಮಾಡ್ -ಎಜಿ ಸುಡೊ" ಎಂದು ಬರೆದು ಮುಂದೆ ನಿಮ್ಮ ಯೂಸರ್ ಹೆಸರು. ಎ ಸಣ್ಣದು, ಜಿ ದೊಡ್ಡದು. ಎರಡು ನಿಮಿಷದ ಕೆಲಸ. ಇದಕ್ಕೆಲ್ಲ ಸಿಸ್ಟಂ ಫಾರ್ಮ್ಯಾಟ್ ಮಾಡಿಸಿಕೊಂಡವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸುಡೊವರ್ಸ್ ಫೈಲ್ ಕೆಡಿಸಿಕೊಂಡವರು. ಯಾರಿಗೆ ಸುಡೊ ಕೊಡಬೇಕೆಂದು ಬರೆದಿರುವ ಈ ಫೈಲ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಸುಡೊ ಕೆಲಸ ಮಾಡಲು ನಿರಾಕರಿಸಬಹುದು. ಡೆಸ್ಕ್‌ಟಾಪ್ ತೆರೆದಿದ್ದರೆ "ಪಿಕೆಎಕ್ಸೆಕ್ ವಿಸುಡೊ" ಹೊಡೆಯಿರಿ. ಅದು ಸುಡೊ ದಾರಿ ಬಿಟ್ಟು ಬೇರೆ ಬಾಗಿಲಿನಿಂದ ಪಾಸ್‌ವರ್ಡ್ ಕೇಳುತ್ತದೆ. ಇಲ್ಲದಿದ್ದರೆ ರಿಕವರಿಯಲ್ಲಿ ಬರೀ "ವಿಸುಡೊ". ಆ ಫೈಲನ್ನು ಯಾವತ್ತೂ ಮಾಮೂಲಿ ಎಡಿಟರ್‌ನಲ್ಲಿ ತೆರೆಯಬೇಡಿ. ತಪ್ಪಿದ್ದರೆ ಸೇವ್ ಮಾಡುವ ಮುನ್ನ ತಡೆಯುವುದೇ ವಿಸುಡೊ ಕೆಲಸ.

ಎಫ್‌ಎಸ್‌ಟ್ಯಾಬ್ ತಪ್ಪು. ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಎಂಬ ಪಟ್ಟಿ ಇದು, ಇಟಿಸಿ ಫೋಲ್ಡರ್‌ನಲ್ಲಿರುತ್ತದೆ. ಅದರಲ್ಲಿ ಬರೆದ ಡಿಸ್ಕ್ ಸಿಗದಿದ್ದರೆ ಸಿಸ್ಟಂ 90 ಸೆಕೆಂಡ್ ಕಾದು, "ಯು ಆರ್ ಇನ್ ಎಮರ್ಜೆನ್ಸಿ ಮೋಡ್" ಎಂದು ಹೇಳಿ ಕೂತುಬಿಡುತ್ತದೆ. ಡಿಸ್ಕ್ ಹಾಳಾಗಿದೆ ಎಂದು ಅಂಗಡಿಗೆ ಓಡಬೇಡಿ. ರಿಕವರಿಯಲ್ಲಿ "ನ್ಯಾನೊ /ಇಟಿಸಿ/ಎಫ್‌ಎಸ್‌ಟ್ಯಾಬ್" ತೆರೆದು, ನೀವು ಸೇರಿಸಿದ ಸಾಲಿನ ಮೊದಲಿಗೆ # ಹಾಕಿ, ಕಂಟ್ರೋಲ್-ಒ, ಎಂಟರ್, ಕಂಟ್ರೋಲ್-ಎಕ್ಸ್. ರೀಬೂಟ್ ಮಾಡಿದರೆ ಎದ್ದು ಬರುತ್ತದೆ. ನಂತರ ನಿಧಾನವಾಗಿ ಸಾಲನ್ನು ಸರಿಯಾಗಿ ಬರೆಯಿರಿ: ಎಸ್‌ಡಿಬಿ1 ಎಂಬಂಥ ಪಾರ್ಟಿಷನ್ ಹೆಸರು ಇವತ್ತಿದ್ದಂತೆ ನಾಳೆ ಇರಲಿಕ್ಕಿಲ್ಲ, ಯುಯುಐಡಿ ಬಳಸಿ, ಅಂದರೆ ಪ್ರತಿ ಪಾರ್ಟಿಷನ್‌ಗೂ ಇರುವ ಉದ್ದನೆಯ ಗುರುತು ಸಂಖ್ಯೆ. ಹೊರಗಿನ ಡಿಸ್ಕ್‌ಗಳಿಗೆ ಆಪ್ಶನ್ಸ್ ಕಾಲಂನಲ್ಲಿ "ನೋಫೇಲ್" ಸೇರಿಸಿದರೆ, ಡಿಸ್ಕ್ ಇಲ್ಲದಿದ್ದರೂ ಸಿಸ್ಟಂ ಏಳುತ್ತದೆ. ರೀಬೂಟ್‌ಗೆ ಮೊದಲು "ಸುಡೊ ಫೈಂಡ್‌ಎಂಎನ್‌ಟಿ --ವೆರಿಫೈ" ಹೊಡೆದರೆ ತಪ್ಪುಗಳನ್ನು ಅದೇ ಹೇಳುತ್ತದೆ.

ಬೇಡದ ಪ್ಯಾಕೇಜ್ ಎಂದು ಪೈಥಾನ್ ತೆಗೆದವರು. ಉಬುಂಟುವಿನ ಎಷ್ಟೋ ಭಾಗಗಳು ಪೈಥಾನ್ 3ರ ಮೇಲೆ ನಿಂತಿವೆ. "ಹಳೇ ಪೈಥಾನ್ ತೆಗೆದು ಹೊಸದು ಹಾಕೋಣ" ಎಂದು ಹೋದರೆ ಡೆಸ್ಕ್‌ಟಾಪ್ ಸಮೇತ ಹೋಗುತ್ತದೆ. ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್ ಆದ ಎಪಿಟಿ ಎಚ್ಚರಿಸದೆ ಇರುವುದಿಲ್ಲ. ನಾವೇ ಓದದೆ ವೈ ಒತ್ತುತ್ತೇವೆ. 2021ರಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಗೇಮ್‌ಗಳ ಆ್ಯಪ್ ಹಾಕಲು ಹೋಗಿ, "ಯೆಸ್, ಡೂ ಆ್ಯಸ್ ಐ ಸೇ!" ಎಂದು ಪೂರ್ತಿ ಟೈಪ್ ಮಾಡಿ, ಕ್ಯಾಮೆರಾ ಮುಂದೆಯೇ ಡೆಸ್ಕ್‌ಟಾಪ್ ಕಳೆದುಕೊಂಡರು. ಮೂಲ ತಪ್ಪು ಆಗ ಪ್ಯಾಕೇಜ್‌ನದೇ ಆಗಿತ್ತು, ಆದರೆ ಏನೇನು ಹೋಗುತ್ತದೆ ಎಂಬ ಪಟ್ಟಿ ಪರದೆಯ ಮೇಲೇ ಇತ್ತು. ಸರಿಪಡಿಸಲು ರಿಕವರಿ ಪಟ್ಟಿಯಲ್ಲಿ ಮೊದಲು "ನೆಟ್‌ವರ್ಕ್" ಆರಿಸಿ. ಅಲ್ಲಿ ವೈಫೈ ನೆಚ್ಚಬೇಡಿ, ಲ್ಯಾನ್ ಕೇಬಲ್ ಹಾಕಿ. ನಂತರ ರೂಟ್‌ಗೆ ಹೋಗಿ /ವಾರ್/ಲಾಗ್/ಎಪಿಟಿ ಫೋಲ್ಡರ್‌ನಲ್ಲಿರುವ ಹಿಸ್ಟರಿ.ಲಾಗ್ ನೋಡಿ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕಮಾಂಡ್‌ನಿಂದ ಏನೇನು ಹೋಯಿತು ಎಂದು ಅದರಲ್ಲಿ ಬರೆದಿರುತ್ತದೆ. "ರಿಮೂವ್" ಸಾಲಿನಲ್ಲಿರುವುದನ್ನು ಮತ್ತೆ ಇನ್‌ಸ್ಟಾಲ್ ಮಾಡಿ. ಡೆಸ್ಕ್‌ಟಾಪ್ ಹೋಗಿದ್ದರೆ "ಎಪಿಟಿ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್".

ಇಡೀ ಸಿಸ್ಟಂಗೆ 777 ಕೊಟ್ಟವರು. ಇದು ಕೆಟ್ಟದ್ದು. "ಸಿಎಚ್‌ಮಾಡ್ -ಆರ್ 777 ./" ಎಂದು ಹೊಡೆಯಲು ಹೋಗಿ ಚುಕ್ಕೆ ಬಿಟ್ಟುಹೋದರೆ, ಈ ಫೋಲ್ಡರ್‌ಗೆ ಬದಲು ಇಡೀ ಯಂತ್ರದ ಫೈಲ್‌ಗಳೆಲ್ಲ ಎಲ್ಲರಿಗೂ ಬಾಗಿಲು ತೆರೆದುಕೊಳ್ಳುತ್ತವೆ. ಎಲ್ಲರಿಗೂ ಎಲ್ಲ ಅನುಮತಿ ಸಿಕ್ಕರೆ ತೊಂದರೆ ಏನು ಎಂದು ಕೇಳುತ್ತಾರೆ. ಕೆಲವು ಪ್ರೋಗ್ರಾಮ್‌ಗಳ ಮೇಲೆ ಸೆಟ್‌ಯುಐಡಿ ಎಂಬ ಗುರುತು ಇರುತ್ತದೆ: ಯಾರು ಓಡಿಸಿದರೂ ಒಡೆಯನ ಅಧಿಕಾರದಲ್ಲಿ ಓಡು ಎಂಬುದು ಅದರ ಅರ್ಥ. ಸುಡೊ ನಿಂತಿರುವುದೇ ಅದರ ಮೇಲೆ. 777 ಆ ಗುರುತನ್ನು ಒರೆಸಿಹಾಕುತ್ತದೆ. ಇತ್ತ ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ "ಕೀ ಎಲ್ಲರಿಗೂ ಕಾಣುತ್ತಿದೆ" ಎಂದು ಕೆಲಸ ನಿಲ್ಲಿಸುತ್ತದೆ. ಗಮನಿಸಿ: "/" ಮೇಲೆ ಆರ್‌ಎಂ ಹೊಡೆದರೆ ಈಗಿನ ಲಿನಕ್ಸ್ ತಾನೇ ತಡೆಯುತ್ತದೆ, ಸಿಎಚ್‌ಮಾಡ್ ಮತ್ತು ಫೈಲ್‌ನ ಒಡೆಯನನ್ನು ಬದಲಿಸುವ ಸಿಎಚ್‌ಓನ್‌ಗೆ ಆ ತಡೆ ಡೀಫಾಲ್ಟ್ ಆಗಿ ಇಲ್ಲ.

ಸುಡೊ ಒಂದಕ್ಕೇ ಪೆಟ್ಟು ಬಿದ್ದಿದ್ದರೆ ರಿಕವರಿಯಲ್ಲಿ "ಸಿಎಚ್‌ಓನ್ ರೂಟ್:ರೂಟ್ /ಯುಎಸ್‌ಆರ್/ಬಿನ್/ಸುಡೊ", ನಂತರ "ಸಿಎಚ್‌ಮಾಡ್ 4755 /ಯುಎಸ್‌ಆರ್/ಬಿನ್/ಸುಡೊ" ಸಾಕು. ಹೋಮ್ ಫೋಲ್ಡರ್‌ನಲ್ಲಷ್ಟೇ ಆಗಿದ್ದರೆ .ಎಸ್‌ಎಸ್‌ಎಚ್ ಫೋಲ್ಡರ್‌ಗೆ 700, ಒಳಗಿನ ಕೀಗಳಿಗೆ 600 ಕೊಡಿ. ಇಡೀ "/" ಕೆಟ್ಟಿದ್ದರೆ ಒಂದೊಂದೇ ಸರಿಮಾಡುತ್ತಾ ಕೂರಬೇಡಿ. ಲಕ್ಷಾಂತರ ಫೈಲ್‌ಗಳು, ಎದ್ದು ಬಂದರೂ ಯಾವ ಬಾಗಿಲು ತೆರೆದಿದೆಯೋ ಗೊತ್ತಾಗದು. ಡೇಟಾ ಎತ್ತಿಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಿ.

ಹಂತ 4: ಲೈವ್ ಯುಎಸ್‌ಬಿಯಿಂದ ಡೇಟಾ ಎತ್ತಿಡುವುದು

ರಿಕವರಿಯೂ ಬಾರದಿದ್ದರೆ, ಅಥವಾ ಫೈಲ್‌ಗಳೇ ಹೋಗಿದ್ದರೆ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ "ಟ್ರೈ ಉಬುಂಟು" ಆರಿಸಿ. "ಇನ್‌ಸ್ಟಾಲ್" ಗುಂಡಿಯ ಹತ್ತಿರ ಹೋಗಬೇಡಿ.

ಟರ್ಮಿನಲ್‌ನಲ್ಲಿ "ಎಲ್‌ಎಸ್‌ಬಿಎಲ್‌ಕೆ -ಎಫ್" ಹೊಡೆಯಿರಿ. ಇರುವ ಡಿಸ್ಕ್, ಪಾರ್ಟಿಷನ್‌ಗಳು ಪಟ್ಟಿಯಾಗಿ ಬರುತ್ತವೆ. ಮುಂದೆ ಎಫ್ ಇಲ್ಲದೆ ಇನ್ನೊಮ್ಮೆ ಹೊಡೆದರೆ ಸೈಜ್ ಕಾಣುತ್ತದೆ. ಸೈಜ್ ನೋಡಿ ಯಾವುದು ಒಳಗಿನ ಡಿಸ್ಕ್, ಯಾವುದು ಪೆನ್‌ಡ್ರೈವ್ ಎಂದು ಕಾಗದದಲ್ಲಿ ಬರೆದಿಡಿ. ಇಎಕ್ಸ್‌ಟಿ4 ಎಂದಿರುವುದು ನಿಮ್ಮ ಲಿನಕ್ಸ್. ಅದನ್ನು ಓದಲು ಮಾತ್ರ ತೆರೆಯಿರಿ. ಪಾರ್ಟಿಷನ್ ಹೆಸರು ಎಸ್‌ಡಿಎ2 ಎಂದುಕೊಂಡರೆ:

ಸುಡೊ ಮೌಂಟ್ -ಒ ಆರ್‌ಒ /ಡೆವ್/ಎಸ್‌ಡಿಎ2 /ಎಂಎನ್‌ಟಿ

ಫೈಲ್‌ಗಳು ಕಾಣುತ್ತಿದ್ದರೆ ಹೋಮ್ ಫೋಲ್ಡರನ್ನು ಪೂರ್ತಿ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಬ್ರೌಸರ್ ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀ ಇವೆಲ್ಲ ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರ್‌ಗಳಲ್ಲಿರುತ್ತವೆ. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್-ಎಚ್ ಒತ್ತಿದರೆ ಕಾಣುತ್ತವೆ. ಹೊರಗಿನ ಡಿಸ್ಕ್ ಎಫ್‌ಎಟಿ32 ಆಗಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್‌ನಲ್ಲಿ ಹಿಡಿಸುತ್ತದೆ, ಆದರೆ ಪರ್ಮಿಷನ್‌ಗಳು ಉಳಿಯುವುದಿಲ್ಲ. ಫೋಟೊ, ದಾಖಲೆಗಳಿಗೆ ಅದು ಸಮಸ್ಯೆಯಲ್ಲ.

ಇಲ್ಲೊಂದು ಹೊಂಡ ಇದೆ, ಬೀಳಬೇಡಿ. ಕೆಲಸ ಮುಗಿದ ಮೇಲೆ "ಈ ಫೋಲ್ಡರ್ ಇನ್ನೇಕೆ" ಎಂದು ಮೌಂಟ್ ಆಗಿರುವ ಫೋಲ್ಡರ್ ಮೇಲೆ ಆರ್‌ಎಂ ಹೊಡೆದರೆ, ಅಳಿಯುವುದು ಫೋಲ್ಡರ್ ಅಲ್ಲ, ಒಳಗೆ ಜೋಡಿಸಿದ ಡಿಸ್ಕ್. ಮೊದಲು "ಯುಮೌಂಟ್", ಅದರಲ್ಲಿ ಮೊದಲ ಯು ಆದಮೇಲೆ ಎನ್ ಅಕ್ಷರ ಇಲ್ಲ. ನಂತರ ಅಳಿಸಲೇಬೇಕಿದ್ದರೆ "ಆರ್‌ಎಂಡಿಐಆರ್". ಅದು ಖಾಲಿ ಫೋಲ್ಡರನ್ನು ಮಾತ್ರ ತೆಗೆಯುತ್ತದೆ. ಡಬ್ಲ್ಯೂಎಸ್‌ಎಲ್, ಅಂದರೆ ವಿಂಡೋಸ್ ಒಳಗೇ ಓಡುವ ಲಿನಕ್ಸ್, ಬಳಸುವವರಿಗೂ ಇದೇ ಮಾತು: ನಿಮ್ಮ ಸಿ ಡ್ರೈವ್ /ಎಂಎನ್‌ಟಿ/ಸಿ ಎಂದು ಅಲ್ಲೇ ಮೌಂಟ್ ಆಗಿರುತ್ತದೆ. "ಇದು ಬರೀ ಆಟದ ಲಿನಕ್ಸ್, ಆರ್‌ಎಂ ಹೊಡೆದು ನೋಡೋಣ" ಎಂದರೆ ನಿಮ್ಮ ವಿಂಡೋಸ್ ಫೈಲ್‌ಗಳೂ ಹೋಗುತ್ತವೆ.

ಹಂತ 5: ಅಳಿಸಿದ್ದನ್ನು ಹುಡುಕುವುದು

ಆರ್‌ಎಂ ತಪ್ಪುಗಳಲ್ಲಿ ಎಷ್ಟೋ ಬರೀ ಒಂದು ಸ್ಪೇಸ್‌ನ ತಪ್ಪು. ನೀವೊಬ್ಬರೇ ಅಲ್ಲ: 2011ರಲ್ಲಿ ಬಂಬಲ್‌ಬೀ ಎಂಬ ಗ್ರಾಫಿಕ್ಸ್ ಸಾಫ್ಟ್‌ವೇರ್‌ನ ಇನ್‌ಸ್ಟಾಲ್ ಸ್ಕ್ರಿಪ್ಟ್‌ನಲ್ಲಿ /ಯುಎಸ್‌ಆರ್ ಆದಮೇಲೆ ಒಂದು ಸ್ಪೇಸ್ ನುಸುಳಿ, ಹಾಕಿಕೊಂಡವರ ಇಡೀ ಯುಎಸ್‌ಆರ್ ಫೋಲ್ಡರ್ ಅಳಿಸಿತ್ತು. 2015ರಲ್ಲಿ ಸ್ಟೀಮ್‌ನ ಲಿನಕ್ಸ್ ಸ್ಕ್ರಿಪ್ಟ್‌ನಲ್ಲಿ ಫೋಲ್ಡರ್ ಹೆಸರು ಹಿಡಿದಿಡಬೇಕಿದ್ದ ವೇರಿಯಬಲ್ ಖಾಲಿ ಉಳಿದು, ಅದರ ಹಿಂದಿದ್ದ "/*" ಮಾತ್ರ ಆರ್‌ಎಂಗೆ ಸಿಕ್ಕಿತ್ತು. ಆಗಲೇ ಹೇಳಿದ ತಡೆ ಇರುವುದು ಒಂಟಿ "/"ಗೆ. ನಕ್ಷತ್ರ ಸೇರಿಸಿದರೆ ಆರ್‌ಎಂಗೆ ತಲುಪುವ ಮೊದಲೇ ಶೆಲ್ ಅದನ್ನು ಬಿನ್, ಬೂಟ್, ಹೋಮ್ ಎಂದು ಬಿಡಿಸಿ ಕೊಟ್ಟಿರುತ್ತದೆ, ಹಾಗಾಗಿ ತಡೆ ಕೆಲಸಕ್ಕೆ ಬಾರದು.

ಲೈವ್ ಯುಎಸ್‌ಬಿಯಲ್ಲಿ ನೆಟ್ ಜೋಡಿಸಿ "ಸುಡೊ ಎಪಿಟಿ ಇನ್‌ಸ್ಟಾಲ್ ಟೆಸ್ಟ್‌ಡಿಸ್ಕ್" ಹೊಡೆಯಿರಿ. ಸಿಗದಿದ್ದರೆ ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಯುನಿವರ್ಸ್ ವಿಭಾಗ ಆನ್ ಮಾಡಿ. ಅದರ ಜೊತೆಯಲ್ಲೇ ಫೋಟೊರೆಕ್ ಬರುತ್ತದೆ. ಹೆಸರಿನಲ್ಲಿ ಫೋಟೊ ಇದ್ದರೂ ಪಿಡಿಎಫ್, ಆಫೀಸ್ ದಾಖಲೆ, ವಿಡಿಯೊಗಳನ್ನೂ ಹುಡುಕುತ್ತದೆ. ಸಿಕ್ಕಿದ್ದನ್ನು ಇಡುವ ಜಾಗ ಕೇಳಿದಾಗ ಹೊರಗಿನ ಡಿಸ್ಕ್ ತೋರಿಸಿ. ಅದೇ ಡಿಸ್ಕ್‌ಗೆ ಬರೆದರೆ ಹುಡುಕುತ್ತಿರುವುದರ ಮೇಲೆಯೇ ಕೂತಂತೆ. ಒಂದು ನಿರಾಸೆಗೆ ಸಿದ್ಧರಾಗಿರಿ: ಅದು ಫೈಲ್‌ನ ಒಳಗಿನ ಗುರುತು ನೋಡಿ ಹುಡುಕುವುದರಿಂದ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ಎಫ್ ಅಕ್ಷರ, ಮುಂದೆ ಉದ್ದದ ಅಂಕಿ, ಅಂಥ ಸಾವಿರಾರು ಫೈಲ್‌ಗಳು ಬರುತ್ತವೆ. ಒಂದೊಂದೇ ತೆರೆದು ನೋಡಿ ಹೆಸರಿಡಬೇಕು. ಟ್ರಿಮ್ ಆಗಿಹೋದ ಎಸ್‌ಎಸ್‌ಡಿಯಲ್ಲಿ ಹೆಚ್ಚೇನೂ ಸಿಗುವುದಿಲ್ಲ.

ಹಂತ 6: ಡಿಡಿ ಹೊಡೆದು ಡಿಸ್ಕ್ ಮೇಲೆಯೇ ಬರೆದಿದ್ದರೆ

ಪೆನ್‌ಡ್ರೈವ್‌ಗೆ ಐಎಸ್‌ಒ, ಅಂದರೆ ಲಿನಕ್ಸ್ ಇನ್‌ಸ್ಟಾಲ್ ಮಾಡುವ ಫೈಲ್, ಬರೆಯಲು ಹೋಗಿ ಪೆನ್‌ಡ್ರೈವ್‌ನ ಎಸ್‌ಡಿಬಿ ಬದಲು ಒಳಗಿನ ಡಿಸ್ಕ್‌ನ ಎಸ್‌ಡಿಎ ಎಂದವರಿಗೆ ಇದು. ಡಿಸ್ಕ್ ಮೇಲೆ ನೇರ ಬರೆಯುವ ಕಮಾಂಡ್ ಡಿಡಿ. ಅದು ಕೇಳದೆ, ಖಚಿತಪಡಿಸಿಕೊಳ್ಳದೆ ಬರೆಯುತ್ತದೆ. ಆದರೂ ಲೆಕ್ಕ ಹಾಕಿ: 500 ಜಿಬಿ ಡಿಸ್ಕ್‌ಗೆ 6 ಜಿಬಿ ಐಎಸ್‌ಒ ಬರೆದಿದ್ದರೆ ಹೋಗಿರುವುದು ಮೊದಲ 6 ಜಿಬಿ. ಉಳಿದ 494 ಜಿಬಿ ಇದ್ದಲ್ಲೇ ಇದೆ, ದಾರಿ ತೋರಿಸುವ ನಕ್ಷೆ ಹೋಗಿದೆ. ಜಿಪಿಟಿ ಎಂಬ ಬಗೆಯ ನಕ್ಷೆ ಇರುವ ಈಗಿನ ಡಿಸ್ಕ್‌ಗಳಲ್ಲಿ ಆ ನಕ್ಷೆಯ ಇನ್ನೊಂದು ಪ್ರತಿ ಡಿಸ್ಕ್‌ನ ತುತ್ತತುದಿಯಲ್ಲಿ ಇರುತ್ತದೆ. ಲೈವ್ ಯುಎಸ್‌ಬಿಯಿಂದ ಟೆಸ್ಟ್‌ಡಿಸ್ಕ್ ಓಡಿಸಿ "ಅನಲೈಸ್" ಆರಿಸಿದರೆ ಹಳೆಯ ಪಾರ್ಟಿಷನ್‌ಗಳನ್ನು ಪತ್ತೆ ಮಾಡಿ ತೋರಿಸುತ್ತದೆ. "ಪಿ" ಒತ್ತಿ ಒಳಗಿನ ಫೈಲ್‌ಗಳನ್ನು ನೋಡಿ, ಅಲ್ಲಿಂದಲೇ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. "ರೈಟ್" ಒತ್ತುವುದು ಅದಾದ ಮೇಲೆ. ಹೋಮ್‌ಗೆ ಬೇರೆ ಪಾರ್ಟಿಷನ್ ಮಾಡಿಕೊಂಡಿದ್ದವರು ಇಲ್ಲಿ ಪೂರ್ತಿ ಬಚಾವಾಗುವುದುಂಟು.

ಹಂತ 7: ಮರು ಇನ್‌ಸ್ಟಾಲ್

ಡೇಟಾ ಕೈಯಲ್ಲಿದ್ದರೆ ಇದಕ್ಕೆ ಹೆದರಬೇಕಿಲ್ಲ. ಅರ್ಧ ದಿನ ರಿಪೇರಿಯಲ್ಲಿ ಕಳೆಯುವುದಕ್ಕಿಂತ ಅರ್ಧ ಗಂಟೆಯ ಇನ್‌ಸ್ಟಾಲ್ ಎಷ್ಟೋ ಮೇಲು. ಹೋಮ್‌ಗೆ ಬೇರೆ ಪಾರ್ಟಿಷನ್ ಇದ್ದರೆ ಮ್ಯಾನ್ಯುಯಲ್ ಪಾರ್ಟಿಷನ್ ಆರಿಸಿ, ಅದಕ್ಕೆ ಮೌಂಟ್ ಪಾಯಿಂಟ್ /ಹೋಮ್ ಕೊಟ್ಟು, "ಫಾರ್ಮ್ಯಾಟ್" ಟಿಕ್ ಇಲ್ಲವೆಂದು ಎರಡು ಸಲ ನೋಡಿಕೊಳ್ಳಿ. ಹಳೇ ಯೂಸರ್ ಹೆಸರನ್ನೇ ಕೊಟ್ಟರೆ ನಿಮ್ಮ ಸೆಟ್ಟಿಂಗ್‌ಗಳೂ ಹಾಗೇ ಸಿಗುತ್ತವೆ.

ಸಿಸ್ಟಂ ಬಿಡಿ, ಲ್ಯಾಪ್‌ಟಾಪೇ ಏಳದಂತಾದ ಪ್ರಕರಣವೂ ಇದೆ. 2016ರ ಆರಂಭದಲ್ಲಿ, ಕೆಲವು ಎಂಎಸ್‌ಐ ಲ್ಯಾಪ್‌ಟಾಪ್‌ಗಳಲ್ಲಿ "/" ಅಳಿಸಿದಾಗ ಯಂತ್ರ ಆನ್ ಆಗಲು ಬೇಕಾದ ಮದರ್‌ಬೋರ್ಡ್‌ನ ಯುಇಎಫ್‌ಐ ಸೆಟ್ಟಿಂಗ್‌ಗಳೂ ಫೈಲ್‌ಗಳಂತೆ ಅಳಿಸಿಹೋಗಿ, ಯಂತ್ರ ಆನ್ ಆಗುವುದೇ ನಿಂತಿತ್ತು. ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಆ ಫೈಲ್‌ಗಳಿಗೆ ರಕ್ಷಣೆ ಕೊಟ್ಟರು. "ಹೇಗಿದ್ದರೂ ಫಾರ್ಮ್ಯಾಟ್ ಮಾಡ್ತೀನಿ, ಅದಕ್ಕೆ ಮುಂಚೆ ಆರ್‌ಎಂ ಹೊಡೆದು ಮಜಾ ನೋಡ್ತೀನಿ" ಎನ್ನುವವರು ಅದನ್ನು ವರ್ಚುವಲ್ ಮೆಷಿನ್‌ನಲ್ಲಿ, ಅಂದರೆ ಕಂಪ್ಯೂಟರ್ ಒಳಗೆ ಓಡುವ ನಕಲಿ ಕಂಪ್ಯೂಟರ್‌ನಲ್ಲಿ, ಮಾಡಿ.

ಎದ್ದು ಬಂದ ಮೇಲೆ, ಅದೇ ದಿನ

ಟೈಮ್‌ಶಿಫ್ಟ್ ಹಾಕಿ. ಸಿಸ್ಟಂ ಇಂದು ಹೇಗಿದೆಯೋ ಹಾಗೇ ಚಿತ್ರ ತೆಗೆದಿಟ್ಟು, ಕೆಟ್ಟಾಗ ಆ ಸ್ಥಿತಿಗೆ ಮರಳಿಸುತ್ತದೆ. ಮಿಂಟ್‌ನಲ್ಲಿ ಮೊದಲೇ ಇರುತ್ತದೆ. ಡೀಫಾಲ್ಟ್ ಆಗಿ ಅದು ಹೋಮ್ ಫೋಲ್ಡರ್ ಮುಟ್ಟುವುದಿಲ್ಲ, ನಿಮ್ಮ ಫೋಟೊಗಳು ಅದರಲ್ಲಿ ಇರುವುದಿಲ್ಲ. ಅದಕ್ಕೆ ಡೇಜಾ ಡಪ್‌ನಂಥ ಬೇರೆ ಬ್ಯಾಕಪ್ ಬೇಕು.

ಆರ್‌ಎಂ ಹೊಡೆಯುವ ಮುನ್ನ ಅದೇ ಸಾಲನ್ನು ಎಲ್‌ಎಸ್ ಹಾಕಿ ಹೊಡೆಯಿರಿ. ಬರುವ ಪಟ್ಟಿಯೇ ಅಳಿಯುವ ಪಟ್ಟಿ. ಸರಿ ಇದ್ದರೆ ಮೇಲಿನ ಬಾಣದ ಕೀ ಒತ್ತಿ ಎಲ್‌ಎಸ್ ಅನ್ನು ಆರ್‌ಎಂ ಮಾಡಿ. ಇನ್ನೂ ಒಳ್ಳೆಯದು "ಜಿಐಒ ಟ್ರ್ಯಾಶ್", ಫೈಲ್ ಕಸದ ಬುಟ್ಟಿಗೆ ಹೋಗುತ್ತದೆ. ಎಪಿಟಿಗೆ "-ಎಸ್" ಸೇರಿಸಿದರೆ ಏನೂ ಮಾಡದೆ, ಮಾಡಿದರೆ ಏನಾಗುತ್ತಿತ್ತು ಎಂದಷ್ಟೇ ಹೇಳುತ್ತದೆ.

ಎರಡು ಯಂತ್ರಗಳಿಗೆ ಒಟ್ಟಿಗೆ ಲಾಗಿನ್ ಆಗುವವರು ಟರ್ಮಿನಲ್ ಬಣ್ಣ ಬೇರೆ ಬೇರೆ ಇಟ್ಟುಕೊಳ್ಳಿ. 2017ರ ಜನವರಿ 31ರಂದು ಪ್ರೋಗ್ರಾಮ್ ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾಬೇಸ್ ಫೋಲ್ಡರ್ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ನೋಡಿದರೆ, ದಿನವೂ ತಾನಾಗಿ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ, ಫೋಲ್ಡರ್ ಖಾಲಿ. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಕೈಹಿಡಿಯಿತು. ನಿಮ್ಮ ಬ್ಯಾಕಪ್ ಡಿಸ್ಕನ್ನೂ ಈ ವಾರ ಬೇರೆ ಕಂಪ್ಯೂಟರ್‌ಗೆ ಹಾಕಿ, ಅದರಿಂದ ಒಂದು ಫೋಟೊ, ಒಂದು ದಾಖಲೆ ತೆರೆದು ನೋಡಿ. ತೆರೆಯದಿದ್ದರೆ ಇವತ್ತೇ ಇನ್ನೊಂದು ಪ್ರತಿ ಮಾಡಿ.